ಲ್ಯಾಪ್‌ಟಾಪ್ ಆನ್ ಆಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ: ಅಂಗಡಿಗೆ ಒಯ್ಯುವ ಮೊದಲು ಮನೆಯಲ್ಲೇ ನೋಡಬೇಕಾದದ್ದು

ಪವರ್ ಬಟನ್ ಒತ್ತಿದರೆ ಲೈಟ್ ಹತ್ತುತ್ತದೆ, ಫ್ಯಾನ್ ಸದ್ದೂ ಕೇಳುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಇದನ್ನು ರಿಪೇರಿ ಅಂಗಡಿಯಲ್ಲಿ ಹೇಳಿದರೆ ಮೊದಲು ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಡಿಸ್‌ಪ್ಲೇ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು.’ ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಸ್ಲಾಟ್‌ನಲ್ಲಿ ಸಡಿಲಾದ ರ‍್ಯಾಮ್, ಅಪ್‌ಡೇಟ್ ಆದ ಮೇಲೆ ಕೆಟ್ಟ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್), ಹಿಂಜ್ (ಮುಚ್ಚಳದ ತಿರುಗಣಿ) ಬಳಿ ಸವೆದ ಕೇಬಲ್ ಇವೆಲ್ಲವೂ ಹೊರಗಿನಿಂದ ನೋಡಿದರೆ ಹೀಗೇ ಕಾಣುತ್ತವೆ. ಇವುಗಳಲ್ಲಿ ಒಂದೆರಡಕ್ಕೆ ದುಡ್ಡೇ ಬೇಕಿಲ್ಲ. ಹಾಗಾಗಿ ಯಾರಿಗಾದರೂ ಲ್ಯಾಪ್‌ಟಾಪ್ ಕೊಡುವ ಮುಂಚೆ ತೊಂದರೆ ಎಲ್ಲಿದೆ ಎಂದು ನೀವೇ ಒಂದು ಅಂದಾಜಿಗೆ ಬರುವುದು ಒಳ್ಳೆಯದು.

ಚಿತ್ರ ನಮ್ಮ ಕಣ್ಣಿಗೆ ಕಾಣಬೇಕಾದರೆ ನಾಲ್ಕು ಕೆಲಸ ನಡೆಯಬೇಕು. ಮದರ್‌ಬೋರ್ಡಿನ ಕಡೆ ಗ್ರಾಫಿಕ್ಸ್ ಚಿಪ್ ಚಿತ್ರ ತಯಾರಿಸಬೇಕು. ಹಿಂಜ್ ಪಕ್ಕದಿಂದ ಮೇಲೆ ಹೋಗುವ ತೆಳ್ಳನೆ ಕೇಬಲ್ ಅದನ್ನು ಒಯ್ಯಬೇಕು. ಪ್ಯಾನೆಲ್ ಅದನ್ನು ಮೂಡಿಸಬೇಕು. ಪ್ಯಾನೆಲ್ ಹಿಂದಿರುವ ಬ್ಯಾಕ್‌ಲೈಟ್ ಬೆಳಗಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ನಾಲ್ಕರಲ್ಲಿ ಯಾವುದು ನಿಂತಿದೆ ಎಂದು ಹುಡುಕುವ ದಾರಿಗಳು. ವಿಂಡೋಸ್ ಲ್ಯಾಪ್‌ಟಾಪ್ ಎಂದೇ ಇಟ್ಟುಕೊಂಡು ಬರೆದಿದ್ದೇನೆ. ಮ್ಯಾಕ್, ಲಿನಕ್ಸ್ ಬಳಸುವವರಿಗೂ ಹಾರ್ಡ್‌ವೇರ್ ಭಾಗ ಬಹುಪಾಲು ಇದೇ.

ಯಂತ್ರ ನಿಜಕ್ಕೂ ಎದ್ದಿದೆಯೇ?

ಲೈಟ್ ಬಂದ ಮಾತ್ರಕ್ಕೆ ಕಂಪ್ಯೂಟರ್ ಚಾಲೂ ಆಗಿದೆ ಎಂದಲ್ಲ. ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರಿ ಮಾಡಿದರೆ ಯಂತ್ರ ಎದ್ದಿದೆ, ಕೀಬೋರ್ಡಿಗೆ ಓಗೊಡುತ್ತಿದೆ ಎಂದರ್ಥ. ಕ್ಯಾಪ್ಸ್ ಲಾಕ್‌ಗೆ ದೀಪವೇ ಇಲ್ಲದ ಮಾಡೆಲ್ ಆದರೆ ನೇರವಾಗಿ ಮುಂದಿನ ಪರೀಕ್ಷೆಗೆ ಹೋಗಿ.

ಇನ್ನೂ ಖಚಿತವಾಗಬೇಕೆಂದರೆ ವಿಂಡೋಸ್, ಕಂಟ್ರೋಲ್, ಎಂಟರ್ ಈ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನಲ್ಲೇ ಇರುವ ನರೇಟರ್ ಶುರುವಾಗಿ, ಪರದೆಯ ಮೇಲೆ ಏನಿದೆ ಎಂದು ಇಂಗ್ಲಿಷಿನಲ್ಲಿ ಓದಿ ಹೇಳುತ್ತದೆ. ದೃಷ್ಟಿ ಸಮಸ್ಯೆ ಇರುವವರಿಗೆಂದು ಮಾಡಿದ ಸೌಲಭ್ಯ ಇದು. ಸ್ಕ್ರೀನ್ ಸತ್ತಾಗ ಉಳಿದವರಿಗೂ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದಿಲ್ಲ. ಪಾಸ್‌ವರ್ಡ್ ಕೇಳುವ ಜಾಗಕ್ಕೆ ಬಂದಿದೆಯೇ, ಅಪ್‌ಡೇಟ್ ನಡೆಯುತ್ತಿದೆಯೇ ಎಂಬುದೆಲ್ಲ ಕಿವಿಯಲ್ಲೇ ತಿಳಿಯುತ್ತದೆ. ಅದೇ ಕೀಗಳನ್ನು ಮತ್ತೆ ಒತ್ತಿದರೆ ಸುಮ್ಮನಾಗುತ್ತದೆ.

ಇದ್ಯಾವುದಕ್ಕೂ ಉತ್ತರ ಬರದೆ ಫ್ಯಾನ್ ಮಾತ್ರ ಓಡುತ್ತಿದ್ದರೆ ತೊಂದರೆ ಸ್ಕ್ರೀನಿನದ್ದಲ್ಲ. ರ‍್ಯಾಮ್ ಅಥವಾ ಮದರ್‌ಬೋರ್ಡ್ ಕಡೆ ನೋಡಬೇಕು. ಆಗ ದೀಪ ಮಿನುಗುವ ಲೆಕ್ಕವನ್ನು ಗಮನಿಸಿ. ಡೆಲ್ ಯಂತ್ರಗಳಲ್ಲಿ ಬ್ಯಾಟರಿ ದೀಪ ಇಂತಿಷ್ಟು ಸಲ ಕಿತ್ತಳೆ, ಇಂತಿಷ್ಟು ಸಲ ಬಿಳಿ ಎಂದು ಮಿನುಗಿ, ಸ್ವಲ್ಪ ತಡೆದು ಮತ್ತೆ ಶುರುಮಾಡುತ್ತದೆ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪವೇ ಉದ್ದ, ಗಿಡ್ಡ ಮಿನುಗುಗಳಲ್ಲಿ ಹೇಳುತ್ತದೆ. ಫೋನಿನಲ್ಲಿ ಅದರ ವಿಡಿಯೋ ಮಾಡಿಕೊಳ್ಳಿ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಪ್ರತಿ ಲೆಕ್ಕಕ್ಕೂ ಅರ್ಥ ಕೊಟ್ಟಿರುತ್ತಾರೆ. ಸರ್ವಿಸ್ ಸೆಂಟರ್‌ನವರಿಗೂ ‘ಆನ್ ಆಗ್ತಿಲ್ಲ’ ಎನ್ನುವುದಕ್ಕಿಂತ ಈ ವಿಡಿಯೋ ಹೆಚ್ಚು ಹೇಳುತ್ತದೆ.

ಕರೆಂಟ್ ಪೂರ್ತಿ ಇಳಿಸಿ ನೋಡಿ

ಕರೆಂಟ್ ಹೋಗಿ ಬಂದು ಆದಮೇಲೆ, ಸಿಡಿಲಿನ ಮಳೆ ಬಂದ ರಾತ್ರಿಯ ಮರುದಿನ, ಸ್ಲೀಪ್‌ಗೆ ಹಾಕಿ ಬ್ಯಾಗಿನಲ್ಲಿಟ್ಟು ಆಫೀಸಿಗೆ ಹೋದಾಗ ಡಿಸ್‌ಪ್ಲೇ ಬರದಿದ್ದರೆ ಹೀಗೆ ಮಾಡಿ.

1. ಚಾರ್ಜರ್ ತೆಗೆಯಿರಿ. ಪೆನ್‌ಡ್ರೈವ್, ಮೌಸ್ ಡಾಂಗಲ್, ಎಸ್‌ಡಿ ಕಾರ್ಡ್, ಎಚ್‌ಡಿಎಂಐ ಕೇಬಲ್ ಎಲ್ಲವನ್ನೂ ಕಿತ್ತಿಡಿ.
2. ಬ್ಯಾಟರಿ ಹೊರಗೆ ಬರುವ ಹಳೆಯ ಮಾಡೆಲ್ ಆದರೆ ಅದನ್ನೂ ತೆಗೆಯಿರಿ.
3. ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯಲು, ಅರೆಬರೆ ನಿದ್ದೆಯಲ್ಲಿ ಸಿಕ್ಕಿಬಿದ್ದ ಯಂತ್ರ ಪೂರ್ತಿ ಆಫ್ ಆಗಲು ಇಷ್ಟು ಹೊತ್ತು ಬೇಕು.
4. ಚಾರ್ಜರ್ ಒಂದನ್ನೇ ಹಾಕಿ ಆನ್ ಮಾಡಿ, ಸುಮ್ಮನೆ ಎರಡು ನಿಮಿಷ ಕಾಯಿರಿ.

ಲೆನೊವೊದ ಹಲವು ಥಿಂಕ್‌ಪ್ಯಾಡ್‌ಗಳ ತಳದಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಚಾರ್ಜರ್ ತೆಗೆದು, ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಆ ತೂತಿನೊಳಗೆ ಮೆಲ್ಲಗೆ ಒತ್ತಿದರೆ ಒಳಗಿನ ಬ್ಯಾಟರಿಯ ಸಂಪರ್ಕ ತಪ್ಪಿ ಯಂತ್ರ ರಿಸೆಟ್ ಆಗುತ್ತದೆ. ಪಕ್ಕದಲ್ಲಿ ಮೈಕ್ ಅಥವಾ ಸ್ಪೀಕರ್ ತೂತೂ ಇರಬಹುದು. ಮ್ಯಾನ್ಯುಯಲ್ ನೋಡದೆ ಸಿಕ್ಕಲ್ಲಿ ಚುಚ್ಚಬೇಡಿ.

ಇನ್ನೊಂದು ಸಣ್ಣ ಕಾರಣ, ಯಾರಿಗೂ ಹೊಳೆಯದ್ದು. ಮುಚ್ಚಳ ಮುಚ್ಚಿದ್ದು ಲ್ಯಾಪ್‌ಟಾಪಿಗೆ ಗೊತ್ತಾಗುವುದು ಅಯಸ್ಕಾಂತದಿಂದ. ಸ್ಕ್ರೀನ್ ಅಂಚಿನಲ್ಲಿ ಪುಟ್ಟ ಮ್ಯಾಗ್ನೆಟ್, ಕೀಬೋರ್ಡ್ ಕಡೆ ಅದನ್ನು ಗುರುತಿಸುವ ಸೆನ್ಸರ್. ಮ್ಯಾಗ್ನೆಟ್ ಪಟ್ಟಿಯ ಸ್ಮಾರ್ಟ್‌ವಾಚ್ ಕಟ್ಟಿದ ಕೈ ಆ ಜಾಗದ ಮೇಲೆ ಬಂದರೆ, ಮ್ಯಾಗ್ನೆಟ್ ಇರುವ ಫೋನ್ ಕವರ್ ಅಲ್ಲಿಟ್ಟರೆ, ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದನ್ನು ಇಟ್ಟು ಕೆಲಸ ಮಾಡಿದರೆ ‘ಮುಚ್ಚಳ ಮುಚ್ಚಿದೆ’ ಎಂದುಕೊಂಡು ಅದು ಸ್ಕ್ರೀನ್ ಆರಿಸಿಬಿಡುತ್ತದೆ. ಟೈಪ್ ಮಾಡುವಾಗ ಮಾತ್ರ ಸ್ಕ್ರೀನ್ ಹೋಗುತ್ತದೆ, ಕೈ ಎತ್ತಿದರೆ ಬರುತ್ತದೆ ಎಂದಾದರೆ ಮೊದಲು ವಾಚ್ ಬಿಚ್ಚಿಡಿ.

ಟಾರ್ಚ್ ಹಾಕಿ ನೋಡುವ ಪರೀಕ್ಷೆ

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈ ಪರೀಕ್ಷೆ. ಎರಡು ನಿಮಿಷವೂ ಬೇಡ.

ರೂಮಿನ ಲೈಟ್ ಆರಿಸಿ, ಕಿಟಕಿ ಪರದೆ ಎಳೆಯಿರಿ. ಲ್ಯಾಪ್‌ಟಾಪ್ ಆನ್ ಮಾಡಿ ವಿಂಡೋಸ್ ಬರುವಷ್ಟು ಹೊತ್ತು ಬಿಡಿ. ಫೋನಿನ ಟಾರ್ಚ್ ಹಚ್ಚಿ ಸ್ಕ್ರೀನಿಗೆ ತೀರಾ ಹತ್ತಿರ, ನಾಲ್ಕು ಬೆರಳಿನಷ್ಟು ದೂರದಲ್ಲಿ, ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಬೆಳಕು ಕಣ್ಣಿಗೇ ಹೊಡೆದು ಏನೂ ಕಾಣುವುದಿಲ್ಲ. ಟಾರ್ಚನ್ನು ನಿಧಾನಕ್ಕೆ ಸರಿಸುತ್ತ ಆ ಬೆಳಕಿನ ವೃತ್ತದೊಳಗೆ ನೋಡಿ. ಕಡುಬೂದು ಹಿನ್ನೆಲೆಯಲ್ಲಿ ಗಡಿಯಾರದ ಅಂಕಿಗಳೋ, ಕೆಳಗಿನ ಐಕಾನ್ ಸಾಲೋ, ಮೌಸ್ ಬಾಣವೋ ಮಸುಕಾಗಿ ಕಾಣುತ್ತಿವೆಯೇ? ಮೌಸ್ ಅಲ್ಲಾಡಿಸಿದರೆ ಬಾಣ ಹುಡುಕುವುದು ಸುಲಭ.

ಕಂಡರೆ, ಚಿತ್ರ ಪ್ಯಾನೆಲ್‌ವರೆಗೆ ಬಂದಿದೆ, ಅದು ಮೂಡಿಯೂ ಇದೆ, ಹಿಂದಿನ ಬೆಳಕೊಂದೇ ಹೋಗಿದೆ. ಆಗ ಮೊದಲು ಕೀಬೋರ್ಡಿನ ಬ್ರೈಟ್‌ನೆಸ್ ಕೀಯನ್ನು ಪೂರ್ತಿ ಮೇಲಕ್ಕೆ ಏರಿಸಿ. ಬ್ರೈಟ್‌ನೆಸ್ ಕೊನೆಯ ಹಂತಕ್ಕೆ ಇಳಿದರೆ ಕೆಲವು ಮಾಡೆಲ್‌ಗಳಲ್ಲಿ ಸ್ಕ್ರೀನ್ ಪೂರ್ತಿ ಆರಿದಂತೆಯೇ ಕಾಣುತ್ತದೆ, ಮಗು ಕೀಬೋರ್ಡ್ ಕುಟ್ಟಿದರೆ ಸಾಕು. ಅದರಿಂದಲೂ ಸರಿಹೋಗದಿದ್ದರೆ ಮೂರು ಸಾಧ್ಯತೆ: ಪ್ಯಾನೆಲ್ ಒಳಗಿನ ಎಲ್‌ಇಡಿ ಪಟ್ಟಿ ಅಥವಾ ಅದನ್ನು ನಡೆಸುವ ಸರ್ಕ್ಯೂಟ್ ಕೆಟ್ಟಿದೆ, ಕೇಬಲ್‌ನಲ್ಲಿ ಬೆಳಕಿಗೆ ಕರೆಂಟ್ ಒಯ್ಯುವ ಎಳೆ ತುಂಡಾಗಿದೆ, ಇಲ್ಲವೇ ಮದರ್‌ಬೋರ್ಡಿನಲ್ಲಿ ಬ್ಯಾಕ್‌ಲೈಟ್‌ಗೆಂದು ಇರುವ ಅಕ್ಕಿಕಾಳಿಗಿಂತ ಸಣ್ಣ ಫ್ಯೂಸ್ ಸುಟ್ಟಿದೆ. ಮೂರನೆಯದಾಗಿದ್ದರೆ ಹೊಸ ಪ್ಯಾನೆಲ್ ಹಾಕಿದರೂ ಬೆಳಕು ಬರುವುದಿಲ್ಲ, ಚಿಪ್ ಲೆವೆಲ್ ಕೆಲಸ ಗೊತ್ತಿರುವವರು ಆ ಫ್ಯೂಸನ್ನೇ ಬದಲಿಸಬೇಕು. ‘ಟಾರ್ಚ್ ಹಾಕಿದರೆ ಇಮೇಜ್ ಕಾಣುತ್ತೆ’ ಎಂಬ ಒಂದು ಮಾತನ್ನು ಟೆಕ್ನಿಶಿಯನ್‌ಗೆ ಹೇಳಿದರೆ ಅವರ ಅರ್ಧ ಹುಡುಕಾಟ ಮುಗಿದ ಹಾಗೆ.

ಓಲೆಡ್ ಸ್ಕ್ರೀನ್‌ಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಹಿಂದೆ ಬ್ಯಾಕ್‌ಲೈಟ್ ಎಂಬುದೇ ಇಲ್ಲ.

ಡೆಲ್ ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೊಂದು ಅನುಕೂಲ. ಯಂತ್ರ ಪೂರ್ತಿ ಆಫ್ ಆಗಿರುವಾಗ ಚಾರ್ಜರ್ ಹಾಕಿ, ಕೀಬೋರ್ಡಿನ ಡಿ ಅಕ್ಷರ ಒತ್ತಿ ಹಿಡಿದುಕೊಂಡೇ ಪವರ್ ಬಟನ್ ಒತ್ತಿ. ಈಚಿನ ಬಹುತೇಕ ಮಾಡೆಲ್‌ಗಳಲ್ಲಿ ಸ್ಕ್ರೀನ್ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಎಂದು ಒಂದೊಂದೇ ಬಣ್ಣ ತುಂಬಿಕೊಂಡು ತೋರಿಸುತ್ತದೆ. ಬಣ್ಣಗಳು ಗೆರೆ, ಕಲೆ ಇಲ್ಲದೆ ಬಂದರೆ ಪ್ಯಾನೆಲ್ ಚೆನ್ನಾಗಿದೆ, ಬೇರೆ ಕಡೆ ಹುಡುಕಿ. ಡಿ ಬದಲು ಎಂ ಒತ್ತಿ ಹಿಡಿದು ಹೀಗೇ ಮಾಡಿದರೆ ಮದರ್‌ಬೋರ್ಡಿನ ಪರೀಕ್ಷೆ. ದೀಪ ಕಿತ್ತಳೆ ಬಣ್ಣಕ್ಕೆ ಬಂದು ನಿಂತರೆ ಬೋರ್ಡಿನಲ್ಲೇ ದೋಷ.

ಮನೆಯ ಟಿವಿಗೆ ಜೋಡಿಸಿ

ಎಚ್‌ಡಿಎಂಐ ಕೇಬಲ್ ತೆಗೆದುಕೊಂಡು ಲ್ಯಾಪ್‌ಟಾಪನ್ನು ಟಿವಿಗೆ ಹಾಕಿ. ರಿಮೋಟ್‌ನಲ್ಲಿ ಸರಿಯಾದ ಎಚ್‌ಡಿಎಂಐ ನಂಬರ್ ಆರಿಸುವುದನ್ನು ಮರೆಯಬೇಡಿ. ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್ ಕೇಬಲ್ ಇದ್ದೇ ಇರುತ್ತದೆ, ಅದನ್ನೇ ಸ್ವಲ್ಪ ಹೊತ್ತು ಕಿತ್ತು ಹಾಕಿದರಾಯಿತು. ಟೈಪ್‌ ಸಿ ಪೋರ್ಟ್ ಮಾತ್ರ ಇರುವ ಲ್ಯಾಪ್‌ಟಾಪ್ ಆದರೆ ಎಚ್ಚರ: ಎಲ್ಲ ಟೈಪ್ ಸಿ ಪೋರ್ಟ್‌ಗಳೂ ಚಿತ್ರ ಕಳಿಸುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ ಅದು ಡೇಟಾಗೆ, ಹೆಚ್ಚೆಂದರೆ ಚಾರ್ಜಿಂಗ್‌ಗೆ ಮಾತ್ರ. ಅಡಾಪ್ಟರ್ ಕೊಳ್ಳುವ ಮೊದಲು ನಿಮ್ಮ ಮಾಡೆಲ್‌ನ ವಿವರ ನೋಡಿ.

ಟಿವಿಯಲ್ಲಿ ತಕ್ಷಣ ಏನೂ ಬರದಿದ್ದರೆ ಗಾಬರಿ ಬೇಡ. ಆನ್ ಆದಾಗ ಬರುವ ಕಂಪನಿಯ ಲೋಗೋ, ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಪುಟ್ಟ ಸಾಫ್ಟ್‌ವೇರ್) ಪುಟಗಳನ್ನು ಹಲವು ಲ್ಯಾಪ್‌ಟಾಪ್‌ಗಳು ತಮ್ಮ ಸ್ವಂತ ಸ್ಕ್ರೀನಿಗೆ ಮಾತ್ರ ಕಳಿಸುತ್ತವೆ. ವಿಂಡೋಸ್ ಪೂರ್ತಿ ಎದ್ದ ಮೇಲೆ ಟಿವಿಗೆ ಚಿತ್ರ ಬರುತ್ತದೆ. ಆಮೇಲೂ ಬರದಿದ್ದರೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ. ಚಿತ್ರ ಎಲ್ಲಿಗೆ ಹೋಗಬೇಕು ಎಂಬ ನಾಲ್ಕು ಆಯ್ಕೆಗಳ ಪಟ್ಟಿ ತೆರೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ವಿಂಡೋಸ್ ಕೀ ಬಿಡದೆ ಪಿಯನ್ನು ಇನ್ನೊಂದು ಸಲ ಒತ್ತಿ, ಎಂಟರ್ ಕೊಟ್ಟು ಐದು ಸೆಕೆಂಡ್ ಕಾಯಿರಿ. ಬರಲಿಲ್ಲವೆಂದರೆ ಮತ್ತೆ ಇದನ್ನೇ ಮಾಡಿ. ಆಯ್ಕೆ ಇರುವುದು ನಾಲ್ಕೇ ಆದ್ದರಿಂದ ಒಂದು ಸುತ್ತು ಮುಗಿಯುವುದರೊಳಗೆ ಸಿಗಬೇಕು. ನರೇಟರ್ ಆನ್ ಇದ್ದರೆ ಯಾವ ಆಯ್ಕೆಯ ಮೇಲಿದ್ದೀರಿ ಎಂದು ಅದೇ ಹೇಳುತ್ತದೆ.

ಅಂದಹಾಗೆ, ಹಿಂದಿನ ದಿನ ಕಾಲೇಜಿನಲ್ಲೋ ಆಫೀಸಿನಲ್ಲೋ ಪ್ರೊಜೆಕ್ಟರ್‌ಗೆ ಹಾಕಿದ್ದಿರಾ? ‘ಎರಡನೇ ಸ್ಕ್ರೀನ್ ಮಾತ್ರ’ ಎಂದಿಟ್ಟು ಹಾಗೇ ಬಂದಿದ್ದರೆ, ಆಮೇಲೆ ಬೇರೆ ಮಾನಿಟರ್ ಅಥವಾ ಡಾಕ್‌ಗೆ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಸ್ಕ್ರೀನ್ ಆರಿಹೋಗಬಹುದು. ಸ್ಕ್ರೀನಿಗೆ ಏನೂ ಆಗಿರುವುದಿಲ್ಲ.

ಟಿವಿಯ ಪರೀಕ್ಷೆಯಿಂದ ತಿಳಿಯುವುದಿಷ್ಟು. ಟಿವಿಯಲ್ಲಿ ಚಿತ್ರ ಚೆನ್ನಾಗಿದ್ದು ಲ್ಯಾಪ್‌ಟಾಪಿನಲ್ಲಿ ಕಪ್ಪಾಗಿದ್ದರೆ ಗ್ರಾಫಿಕ್ಸ್ ಚಿಪ್ ಸರಿಯಿದೆ. ಕೇಬಲ್, ಪ್ಯಾನೆಲ್, ಬ್ಯಾಕ್‌ಲೈಟ್, ಇಲ್ಲವೇ ವಿಂಡೋಸ್ ಸೆಟ್ಟಿಂಗ್ ಮೇಲೆ ಅನುಮಾನ. ಎರಡರಲ್ಲೂ ಒಂದೇ ತರಹ ಗೆರೆ, ಚೌಕ, ಬಣ್ಣದ ಚುಕ್ಕೆ ಬಂದರೆ ಚಿಪ್ ಅಥವಾ ಡ್ರೈವರ್. ಎರಡರಲ್ಲೂ ಏನೂ ಇಲ್ಲ, ಕ್ಯಾಪ್ಸ್ ಲಾಕ್ ದೀಪವೂ ಸತ್ತಿದೆ ಎಂದರೆ ಕೆಳಗಿನ ರ‍್ಯಾಮ್ ಭಾಗಕ್ಕೆ ಹೋಗಿ.

ಟಿವಿಯಲ್ಲಿ ಚಿತ್ರ ಬಂದ ಕೂಡಲೇ ಮೊದಲು ಮಾಡಬೇಕಾದ ಕೆಲಸ ರಿಪೇರಿಯಲ್ಲ, ಬ್ಯಾಕಪ್. ಫೋಟೋ, ಅಂಕಪಟ್ಟಿ, ಲೆಕ್ಕದ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೋ ಗೂಗಲ್ ಡ್ರೈವ್‌ಗೋ ಹಾಕಿಕೊಳ್ಳಿ. ಜೊತೆಗೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ ನೋಡಿಟ್ಟುಕೊಳ್ಳಿ. ವಿಂಡೋಸ್ 11 ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಬಯಾಸ್ ರಿಸೆಟ್ ಮಾಡಿದರೆ, ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಗಳ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದಲೇ ಲಾಗಿನ್ ಆಗಿ, ಡಿವೈಸ್‌ಗಳ ಪಟ್ಟಿಯಲ್ಲಿ ಆ ಕೀ ಇದೆಯೇ ನೋಡಿ ಬರೆದಿಟ್ಟುಕೊಳ್ಳಿ. ಈ ಕೀ ಇಲ್ಲದೆ ಒಳಗಿನ ಫೈಲುಗಳನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು.

ಸಾಫ್ಟ್‌ವೇರ್ ತೊಂದರೆಯೇ?

ಆನ್ ಮಾಡಿದಾಗ ಕಂಪನಿ ಲೋಗೋ ಕಾಣುತ್ತದೆ, ವಿಂಡೋಸ್ ಬರುವ ಹೊತ್ತಿಗೆ ಕಪ್ಪಾಗುತ್ತದೆ. ಹೀಗಿದ್ದರೆ ಕೇಬಲ್, ಪ್ಯಾನೆಲ್ ಬಗ್ಗೆ ಚಿಂತೆ ಬಿಡಿ. ಖಚಿತಪಡಿಸಿಕೊಳ್ಳಲು ಆನ್ ಆಗುವಾಗಲೇ ಎಫ್2 ಒತ್ತುತ್ತ ಬಯಾಸ್‌ಗೆ ಹೋಗಿ, ಎಚ್‌ಪಿಯಲ್ಲಾದರೆ ಎಫ್10. ಆ ಪುಟ ಹತ್ತು ನಿಮಿಷ ಅಲುಗಾಡದೆ ನಿಂತರೆ ಹಾರ್ಡ್‌ವೇರ್ ಬಹುಮಟ್ಟಿಗೆ ಸರಿಯಿದೆ.

ಮೊದಲ ಪ್ರಯತ್ನ: ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಸಣ್ಣ ಬೀಪ್ ಸದ್ದಾಗಿ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ತೆರೆದಿಟ್ಟ ಫೈಲುಗಳಿಗೆ ಏನೂ ಆಗುವುದಿಲ್ಲ. ಸ್ಲೀಪ್‌ನಿಂದ ಎದ್ದಾಗ ಕಪ್ಪಾಗುವ ಕಾಯಿಲೆಗೆ ಇದು ಹಲವು ಸಲ ಸಾಕಾಗುತ್ತದೆ.

ಕಪ್ಪು ಪರದೆಯ ಮೇಲೆ ಮೌಸ್ ಬಾಣ ಮಾತ್ರ ಓಡಾಡುತ್ತಿದ್ದರೆ ವಿಂಡೋಸ್‌ನ ಮುಖಪುಟ ತೆರೆಯುವ ಎಕ್ಸ್‌ಪ್ಲೋರರ್ ಬಿದ್ದಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಹೊಸ ಟಾಸ್ಕ್ ಓಡಿಸುವ ಆಯ್ಕೆಯಲ್ಲಿ ಎಕ್ಸ್‌ಪ್ಲೋರರ್ (explorer) ಎಂದು ಟೈಪ್ ಮಾಡಿ ಎಂಟರ್ ಕೊಡಿ.

ಅದೂ ಆಗದಿದ್ದರೆ ಸೇಫ್ ಮೋಡ್, ಅಂದರೆ ತೀರಾ ಅಗತ್ಯದ ಡ್ರೈವರ್‌ಗಳಿಂದ ಮಾತ್ರ ವಿಂಡೋಸ್ ಎಬ್ಬಿಸುವುದು. ವಿಂಡೋಸ್ ಶುರುವಾಗುತ್ತಿರುವಾಗಲೇ ಪವರ್ ಬಟನ್ ಹತ್ತು ಸೆಕೆಂಡ್ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಧ್ಯದಲ್ಲೇ ತಡೆದರೆ ಮುಂದಿನ ಸಲ ಅದು ತಾನಾಗಿ ರಿಪೇರಿ ಪುಟಕ್ಕೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರಿಸ್ಟಾರ್ಟ್ ಎಂದು ಹೋಗಿ, ಪಟ್ಟಿ ಬಂದಾಗ 4 ಒತ್ತಿ. ಬಿಟ್‌ಲಾಕರ್ ಕೀ ಕೇಳುವುದು ಹೆಚ್ಚಾಗಿ ಇಲ್ಲಿಯೇ, ಅದಕ್ಕೇ ಮೊದಲೇ ಬರೆದಿಟ್ಟುಕೊಳ್ಳಿ ಎಂದದ್ದು. ಸೇಫ್ ಮೋಡ್‌ನಲ್ಲಿ ಸ್ಕ್ರೀನ್ ಬಂತೆಂದರೆ ಕಳ್ಳ ಸಿಕ್ಕಿದ: ಗ್ರಾಫಿಕ್ಸ್ ಡ್ರೈವರ್. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು, ರೋಲ್ ಬ್ಯಾಕ್ ಇದ್ದರೆ ಹಳೆಯದಕ್ಕೆ ಹಿಂತಿರುಗಿಸಿ. ಇಲ್ಲದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ, ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ನಿಮ್ಮದೇ ಮಾಡೆಲ್‌ನ ಡ್ರೈವರ್ ಇಳಿಸಿ ಹಾಕಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ’ ಎನ್ನುವ ಉಚಿತ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ. ಒಂದು ತೊಂದರೆ ಬಿಡಿಸಲು ಹೋಗಿ ನಾಲ್ಕು ತಂದುಕೊಳ್ಳುವಿರಿ.

ಗೆರೆಗಳು ಬರುತ್ತಿದ್ದರೆ ಒಂದು ಸುಲಭ ತಂತ್ರವಿದೆ. ವಿಂಡೋಸ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿ. ಆ ಚಿತ್ರದಲ್ಲೂ ಗೆರೆಗಳಿದ್ದರೆ ಗ್ರಾಫಿಕ್ಸ್ ಕಡೆಯ ದೋಷ. ಅದರಲ್ಲಿ ಗೆರೆ ಇಲ್ಲದೆ ಲ್ಯಾಪ್‌ಟಾಪಿನ ಮೇಲೆ ಮಾತ್ರ ಇದ್ದರೆ ಕೇಬಲ್ ಅಥವಾ ಪ್ಯಾನೆಲ್.

ರ‍್ಯಾಮ್ ತೆಗೆದು ಹಾಕುವುದು

ಸ್ಕ್ರೂ ಡ್ರೈವರ್ ಹಿಡಿಯಲು ಧೈರ್ಯ ಇದ್ದವರಿಗೆ ಮಾತ್ರ. ವಾರಂಟಿ ಇನ್ನೂ ಇದ್ದರೆ ಕೈ ಹಾಕದೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೆಳ್ಳನೆಯ ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಅಲ್ಲಿ ಈ ಹೆಜ್ಜೆ ಇಲ್ಲ.

ಚಾರ್ಜರ್ ತೆಗೆದು ತಳದ ಮುಚ್ಚಳ ಬಿಚ್ಚಿ. ಬೇರೇನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತಿಡಿ. ರ‍್ಯಾಮ್‌ನ ಎರಡೂ ಬದಿಯ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ಕಾರ್ಡ್ ಓರೆಯಾಗಿ ಮೇಲೇಳುತ್ತದೆ, ಅದೇ ಓರೆಯಲ್ಲಿ ಹೊರಗೆ ಎಳೆಯಿರಿ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಮಬ್ಬಾಗಿದ್ದರೆ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಈ ಪಟ್ಟಿಗಳು ಮಂಕಾಗುವುದು ಹೆಚ್ಚು. ಎರಡು ಕಾರ್ಡ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು, ಸ್ಲಾಟ್ ಬದಲಿಸಿಯೂ ನೋಡಿ.

ಡಿಡಿಆರ್5 ರ‍್ಯಾಮ್ ಇರುವ ಹೊಸ ಲ್ಯಾಪ್‌ಟಾಪ್ ಆದರೆ ಮರಳಿ ಹಾಕಿದ ಮೇಲಿನ ಮೊದಲ ಬೂಟ್‌ನಲ್ಲಿ ಅದು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತ ಕೆಲವು ನಿಮಿಷ ಕಪ್ಪಾಗಿಯೇ ಕೂತಿರಬಹುದು. ಆತುರಪಟ್ಟು ಆಫ್ ಮಾಡಬೇಡಿ.

ಹಿಂಜ್, ಕೇಬಲ್, ಪ್ಯಾನೆಲ್

ಮುಚ್ಚಳವನ್ನು ಅರ್ಧ ಮಡಚಿದರೆ ಚಿತ್ರ ಬರುತ್ತದೆ, ಪೂರ್ತಿ ತೆರೆದರೆ ಹೋಗುತ್ತದೆ ಎಂದರೆ ಅದು ಕೇಬಲ್. ಬೇರೆ ವಿವರಣೆ ಬೇಕಾಗಿಲ್ಲ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವಾಗೆಲ್ಲ ಅದು ಹಿಂಜ್ ಪಕ್ಕದಲ್ಲಿ ಮಡಚಿಕೊಳ್ಳುತ್ತದೆ. ಹಿಂಜ್ ಬಿಗಿಯಾಗಿ ಅಥವಾ ಅದರ ಬುಡದ ಪ್ಲಾಸ್ಟಿಕ್ ಒಡೆದು ಜಗ್ಗುತ್ತಿದ್ದರೆ ಕೇಬಲ್ಲಿಗೂ ಏಟು. ಬರೀ ಕೇಬಲ್ ಬದಲಿಸಿ ಒಡೆದ ಹಿಂಜನ್ನು ಹಾಗೇ ಬಿಟ್ಟರೆ ಹೊಸ ಕೇಬಲ್ಲೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸಿ. ಮುಚ್ಚಳವನ್ನು ಯಾವಾಗಲೂ ಮಧ್ಯದಲ್ಲಿ ಹಿಡಿದು ಎತ್ತಬೇಕು, ಮೂಲೆ ಹಿಡಿದು ಎತ್ತಿದರೆ ಒಂದೇ ಹಿಂಜ್ ಮೇಲೆ ಭಾರ.

ದುಬಾರಿ ಯಂತ್ರಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಆಪಲ್‌ನ 2016ರ ಮ್ಯಾಕ್‌ಬುಕ್ ಪ್ರೊಗಳಲ್ಲಿ ಸ್ಕ್ರೀನಿನ ಕೆಳಗಡೆ ನಾಟಕದ ರಂಗದ ದೀಪಗಳಂತೆ ಬೆಳಕಿನ ಕಲೆಗಳು ಬಂದು, ಆಮೇಲೆ ಬ್ಯಾಕ್‌ಲೈಟ್ ಪೂರ್ತಿ ಹೋಗುತ್ತಿತ್ತು. ತೆಳುವಾದ ಪಟ್ಟಿಕೇಬಲ್ ಪ್ರತಿ ಸಲ ತೆರೆದಾಗಲೂ ಬೋರ್ಡಿಗೆ ಉಜ್ಜಿ ಸವೆಯುತ್ತಿದ್ದುದೇ ಕಾರಣ. ಎರಡು ವರ್ಷದ ನಂತರದ ಮಾಡೆಲ್‌ನಲ್ಲಿ ಆ ಕೇಬಲ್ ಸುಮಾರು 2 ಮಿಲಿಮೀಟರ್ ಉದ್ದವಾಗಿತ್ತು. 13 ಇಂಚಿನ 2016ರ ಮಾಡೆಲ್‌ಗೆ ಆಪಲ್ 2019ರ ಮೇ ತಿಂಗಳಲ್ಲಿ ಉಚಿತ ರಿಪೇರಿ ಘೋಷಿಸಿತು.

ಪ್ಯಾನೆಲ್ ಕೆಟ್ಟಿದ್ದರ ಗುರುತುಗಳು ಬೇರೆ. ಒಂದು ಮೂಲೆಯಿಂದ ಜೇಡರ ಬಲೆಯ ಹಾಗೆ ಸೀಳು, ದಿನದಿಂದ ದಿನಕ್ಕೆ ಹರಡುವ ಶಾಯಿಯಂಥ ಕಲೆ, ಮೇಲಿಂದ ಕೆಳಕ್ಕೆ ಒಂದೇ ಜಾಗದಲ್ಲಿ ನಿಂತ ಬಣ್ಣದ ಗೆರೆ. ಇವಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಅಂಚನ್ನು ಒತ್ತಿದರೆ ಗೆರೆ ಮಾಯವಾಗುತ್ತದೆ ಎಂದು ಕ್ಲಿಪ್ ಹಾಕಿ ಬಿಡುವವರನ್ನು ನೋಡಿದ್ದೇನೆ, ಗಾಜು ಒಡೆಯುತ್ತದೆ. ಪೂರ್ತಿ ಬಿಳಿ ಪರದೆ ಬಂದರೆ ಬೆಳಕಿದೆ, ಚಿತ್ರ ತಲುಪುತ್ತಿಲ್ಲ ಎಂದು ಅರ್ಥ. ಅದನ್ನು ಮೊದಲು ಕೇಬಲ್ ಲೆಕ್ಕಕ್ಕೆ ಹಾಕಿ.

ಪ್ಯಾನೆಲ್ ಬದಲಿಸಲೇಬೇಕು ಎಂದಾದರೆ ಲ್ಯಾಪ್‌ಟಾಪ್ ಮಾಡೆಲ್ ಹೆಸರಿನ ಮೇಲೆ ತರಿಸಬೇಡಿ. ಒಂದೇ ಮಾಡೆಲ್‌ಗೆ ಕಂಪನಿಗಳು ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತವೆ. ಹಳೆಯ ಪ್ಯಾನೆಲ್ ಹಿಂಬದಿಯ ಸ್ಟಿಕ್ಕರ್‌ನಲ್ಲಿರುವ ನಂಬರೇ ಆಧಾರ. ಎನ್‌ವಿ ಎಂದು ಶುರುವಾದರೆ ಬಿಒಇ, ಬಿ156 ಎಂದಿದ್ದರೆ ಎಯುಒ, ಎಲ್‌ಪಿ ಎಂದಿದ್ದರೆ ಎಲ್‌ಜಿ, ಎನ್156 ಎಂದಿದ್ದರೆ ಇನ್ನೊಲಕ್ಸ್ ತಯಾರಿಸಿದ್ದು. 156 ಎಂದರೆ 15.6 ಇಂಚು. ಕಂಪನಿ ಬೇರೆಯಾದರೂ ನಡೆಯುತ್ತದೆ, ಆದರೆ ಅಳತೆ, ರೆಸಲ್ಯೂಷನ್, ಸ್ಕ್ರೂ ಕಿವಿಗಳು ಇವೆಯೇ ಇಲ್ಲವೇ, ಕನೆಕ್ಟರ್ ಎಷ್ಟು ಪಿನ್ನಿನದು ಇವೆಲ್ಲ ಹೊಂದಲೇಬೇಕು. ಸಾಮಾನ್ಯ 60 ಹರ್ಟ್ಸ್ ಫುಲ್ ಎಚ್‌ಡಿ ಪ್ಯಾನೆಲ್‌ಗಳಿಗೆ ಹೆಚ್ಚಾಗಿ 30 ಪಿನ್, 144 ಹರ್ಟ್ಸ್ ಗೇಮಿಂಗ್ ಪ್ಯಾನೆಲ್‌ಗಳಿಗೆ, ಕೆಲವು ಟಚ್ ಸ್ಕ್ರೀನ್‌ಗಳಿಗೆ 40 ಪಿನ್.

ಸ್ವಂತ ಕೈಯಿಂದ ಹಾಕುವವರಿಗೆ ಒಂದೇ ಕಟ್ಟುನಿಟ್ಟಿನ ಮಾತು: ಬ್ಯಾಟರಿಯ ಕನೆಕ್ಟರ್ ಕೀಳದೆ ಡಿಸ್‌ಪ್ಲೇ ಕೇಬಲ್ ಮುಟ್ಟಬೇಡಿ. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬೋರ್ಡಿನಲ್ಲಿ ಕರೆಂಟ್ ಇರುತ್ತದೆ. ಕನೆಕ್ಟರ್ ಸ್ವಲ್ಪ ಓರೆಯಾಗಿ ಸಿಕ್ಕಿದರೂ ಪಕ್ಕದ ಪಿನ್ ತಾಗಿ ಬ್ಯಾಕ್‌ಲೈಟ್ ಫ್ಯೂಸ್ ಹಾರುತ್ತದೆ. ಹೊಸ ಪ್ಯಾನೆಲ್ ಹಾಕಿದರೂ ಕತ್ತಲೆ ಎಂಬ ಕತೆಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು.

ಅಂಗಡಿಯಲ್ಲಿ

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ, ಪ್ಯಾನೆಲ್, ಕೇಬಲ್, ಹಿಂಜ್ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತವೆ. ಎಲ್ಲೇ ಹೋಗಿ, ನಂಬರ್ ಹಿಡಿದು ನಾಲ್ಕು ಕಡೆ ದರ ಕೇಳಿ. ಹೊಸದೋ, ಬೇರೆ ಲ್ಯಾಪ್‌ಟಾಪಿನಿಂದ ಕಿತ್ತದ್ದೋ ಎಂದು ಬಿಡಿಸಿ ಕೇಳಿ. ಕಿತ್ತದ್ದು ಅಗ್ಗ, ಅದರಲ್ಲಿ ತಪ್ಪಿಲ್ಲ, ಹೊಸದರ ಬೆಲೆ ಕೊಡಬಾರದಷ್ಟೇ. ಚೌಕಟ್ಟು ಮುಚ್ಚುವ ಮೊದಲು ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ ಚುಕ್ಕೆ ಇದೆಯೇ ನೋಡಿ. ಹಳೆಯ ಭಾಗ ವಾಪಸ್ ಕೇಳಿ, ಬಿಲ್‌ನಲ್ಲಿ ಪ್ಯಾನೆಲ್ ನಂಬರ್ ಮತ್ತು ವಾರಂಟಿ ಅವಧಿ ಬರೆಸಿ. ಪಾಸ್‌ವರ್ಡ್ ಕೊಡುವ ಅಗತ್ಯ ಇಲ್ಲ. ಬಯಾಸ್ ಪುಟ ಕಂಡರೆ ಡಿಸ್‌ಪ್ಲೇ ಪರೀಕ್ಷೆಗೆ ಸಾಕು. ಕಂಪನಿಯ ಸಾಮಾನ್ಯ ವಾರಂಟಿಯಲ್ಲಿ ಒಡೆದ ಸ್ಕ್ರೀನ್ ಸೇರುವುದಿಲ್ಲ, ತಾನಾಗಿ ಕೆಟ್ಟದ್ದು ಸೇರುತ್ತದೆ. ಬಿದ್ದು ಒಡೆದದ್ದಕ್ಕೆ ಪ್ರತ್ಯೇಕ ಪ್ಲಾನ್ ಕೊಂಡಿರಬೇಕು. ಸಿಗಬೇಕಾದ ವಾರಂಟಿಯನ್ನು ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಸ್ಕ್ರೀನ್ ಇಲ್ಲದೆಯೇ ಬಳಸುವುದು

ಲ್ಯಾಪ್‌ಟಾಪ್ ಹಳೆಯದು, ಪ್ಯಾನೆಲ್ ದರ ಕೇಳಿದರೆ ಸೆಕೆಂಡ್ ಹ್ಯಾಂಡ್ ಯಂತ್ರದ ಬೆಲೆಯ ಅರ್ಧ ದಾಟುತ್ತದೆ. ಆಗ ನಾನಾದರೆ ಪ್ಯಾನೆಲ್ ಹಾಕಿಸುವುದಿಲ್ಲ. ಒಂದು ಮಾನಿಟರ್ ಅಥವಾ ಹಳೆಯ ಟಿವಿ, ಅಗ್ಗದ ಕೀಬೋರ್ಡ್, ಮೌಸ್ ಸಿಕ್ಕಿಸಿದರೆ ಮಕ್ಕಳ ಓದಿಗೆ, ಅಂಗಡಿಯ ಬಿಲ್ಲಿಂಗ್‌ಗೆ ಸಾಕಾದಷ್ಟು ಡೆಸ್ಕ್‌ಟಾಪ್ ಸಿದ್ಧ. ಬ್ಯಾಟರಿ ಇನ್ನೂ ಚೆನ್ನಾಗಿದ್ದರೆ ಕರೆಂಟ್ ಹೋದಾಗ ಕೆಲಸ ಸೇವ್ ಮಾಡಿಕೊಳ್ಳುವಷ್ಟು ಹೊತ್ತೂ ಸಿಗುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ‘ಏನೂ ಮಾಡಬೇಡ’ ಎಂದು ಇಡಿ. ಮುಚ್ಚಳವನ್ನು ಸ್ವಲ್ಪ ತೆರೆದೇ ಬಿಡಿ, ಹಲವು ಮಾಡೆಲ್‌ಗಳು ಕೀಬೋರ್ಡ್ ಸಂದಿಯಿಂದಲೂ ಬಿಸಿ ಬಿಡುತ್ತವೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಆ ಯಂತ್ರವನ್ನು ಬಳಸಬೇಡಿ, ಮೊದಲು ಬ್ಯಾಟರಿ ತೆಗೆಸಿ.

ಒಡೆದ ಸ್ಕ್ರೀನ್ ಯಾಕೆ ಎಂದು ಇಡೀ ಮುಚ್ಚಳವನ್ನೇ ಕಿತ್ತು ಎಸೆಯುವವರಿದ್ದಾರೆ. ಕ್ಯಾಮೆರಾ ಹೋಗುವುದು ಹೇಗೂ ಗೊತ್ತಿರುತ್ತದೆ. ಆದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾಗಳೂ ಸ್ಕ್ರೀನ್ ಸುತ್ತಲೇ ಇರುತ್ತವೆ. ಅವು ಹೋದರೆ ಪಕ್ಕದ ರೂಮಿನ ರೂಟರ್ ಕೂಡ ಸಿಗುವುದಿಲ್ಲ. ಒಡೆದ ಪ್ಯಾನೆಲ್ ಒಂದನ್ನೇ ಬಿಚ್ಚಿ, ಆಂಟೆನಾದ ಕಪ್ಪು, ಬಿಳಿ ತಂತಿಗಳನ್ನು ಮುಟ್ಟದೆ ಮುಚ್ಚಳದ ಚಿಪ್ಪನ್ನು ಹಾಗೇ ಉಳಿಸಿಕೊಳ್ಳಿ.